ಎಡಗೈ ಹೊಲಿಗೆ

ಹೊಳೆಯ ಕಡೆಯಿಂದ ಗಾಳಿ ಬೀಸಿದಾಗ ದುಪಟ್ಟಿಯ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವುದನ್ನು ತಾನು ಯಾವತ್ತಿನಿಂದ ಬಿಟ್ಟೆ ಎಂದು ನಿಹಾಲೋಗೆ ನೆನಪಾಗಲಿಲ್ಲ. ಫಾಲ್ಗುಣದುದ್ದಕ್ಕೂ ಆ ಗಾಳಿ ಬಂತೆಂದರೆ ಊರಿಗೆ ಊರೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸತ್ಲಜ್ ಹೊಳೆ ಯುದ್ಧದ ಹೆಣಗಳನ್ನು ತಂದು ಮರಳಿನ ಮೇಲೆ ಬಿಡುತ್ತಿತ್ತು, ಮನಸ್ಸು ಬದಲಿಸಿದಂತೆ ಮತ್ತೆ ಒಯ್ಯುತ್ತಿತ್ತು. ಖಾಲ್ಸಾ ಸಿಪಾಯಿ, ಪರಂಗಿ ಸಿಪಾಯಿ, ತೋಪು ಎಳೆಯುವ ಎತ್ತು ಎಂಬ ಭೇದ ಅದಕ್ಕಿರಲಿಲ್ಲ. ಈಗ ಚೈತ್ರ. ಗಾಳಿಯಲ್ಲಿ ಬಲಿಯುತ್ತಿರುವ ಗೋಧಿ ತೆನೆಯ ಬೆಚ್ಚನೆಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹಿತವಾಗಿದೆ ಎನ್ನಿಸಿತು. ಎನ್ನಿಸಿದ ಕೂಡಲೇ, ಯಾರೋ ಬೆನ್ನ ಹಿಂದೆ ನಿಂತು ಅದನ್ನು ಕೇಳಿಸಿಕೊಂಡರೇನೋ ಎಂಬಂತೆ ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಸಗಣಿಯ ಮುದ್ದೆಯೊಂದನ್ನು ಎಡಗೈಯಲ್ಲಿ ಎತ್ತಿ ಗೋಡೆಗೆ ತಟ್ಟಿದಳು. ಗೋಡೆಯ ತುಂಬ ಬೆರಣಿಗಳು, ಪ್ರತಿಯೊಂದರ ಮೇಲೂ ಅವಳ ಎಡಗೈಯ ಬೆರಳ ಗುರುತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬೇಬೇ ರಾಜೋ ಬೀದಿಯ ಹೆಂಗಸರನ್ನೆಲ್ಲ ಕರೆದು ಈ ಗೋಡೆಯನ್ನು ತೋರಿಸಿದ್ದಳು. "ನೋಡ್ರೇ, ನಮ್ಮ ಎಡಚಿ ಸೊಸೆ ತಟ್ಟಿದ ಬೆರಣೀನ ಯಾರೂ ಕದಿಯೋ ಹಾಗಿಲ್ಲ, ಕೈಯೇ ಸಾಕ್ಷಿ ಹೇಳುತ್ತೆ!" ಎಲ್ಲರೂ ನಕ್ಕಿದ್ದರು. ನಿಹಾಲೋ ಕೂಡ ನಕ್ಕಿದ್ದಳು, ನಗದಿದ್ದರೆ ಇನ್ನೂ ನಗುತ್ತಾರೆಂದು. ಆಮೇಲೆ ಎಷ್ಟೋ ದಿನ ಬಲಗೈಯಲ್ಲಿ ತಟ್ಟಲು ಹೋಗಿ, ಬೆರಣಿಗಳು ಜಾರಿ ಬಿದ್ದು, ಅದಕ್ಕೂ ಬೈಸಿಕೊಂಡಿದ್ದಳು.

ನಿನ್ನೆ ಸಂಜೆ ಊರಿನ ಹಿರಿಯರು ಬಂದು ಅಂಗಳದ ಮಂಚದ ಮೇಲೆ ಕೂತು ಹೋಗಿದ್ದರು. ಅವಳು ಒಳಗೆ ಒಲೆಯ ಮುಂದೆ ಕೂತು ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದಳು. ಅವಳ ಗಂಡ ಝಂಡಾ ಸಿಂಗ್ ಬದುಕಿದ್ದರೆ ಇಷ್ಟರಲ್ಲಿ ಬರಬೇಕಿತ್ತು. ಲಾಹೋರಿನಲ್ಲಿ ಒಪ್ಪಂದವಾಗಿದೆ, ಕೋಟೆಯೊಳಗೆ ಪರಂಗಿಗಳು ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದಾರೆ, ಪಲ್ಟನ್ನುಗಳನ್ನು ಮುರಿದು ಸಿಪಾಯಿಗಳನ್ನು ಮನೆಗೆ ಕಳಿಸಿದ್ದಾರೆ. ಬರುವವರೆಲ್ಲ ಬಂದಿದ್ದಾರೆ. ಸತ್ತದ್ದು ಖಚಿತವಾದರೆ ವೈಶಾಖಿಯೊಳಗೆ ತಮ್ಮ ವಸಾವಾ ಸಿಂಗ್ ಅತ್ತಿಗೆಗೆ ಚಾದರ ಹೊದಿಸಲಿ. ಹೊಲ ಒಡೆಯುವುದು ಬೇಡ, ಹೆಣ್ಣು ಮನೆ ಬಿಟ್ಟು ಹೋಗುವುದೂ ಬೇಡ. ಅಷ್ಟೇ. ನಾಲ್ಕು ಜನರೆದುರು ಕೂರಿಸಿ ತಲೆಯ ಮೇಲೆ ಒಂದು ಬಟ್ಟೆಯ ಅಂಚು ಎಳೆದರೆ ಅಣ್ಣನ ಹೆಂಡತಿ ತಮ್ಮನ ಹೆಂಡತಿಯಾಗುತ್ತಾಳೆ. ನಿಹಾಲೋನ ಚಿಕ್ಕಮ್ಮನಿಗೂ ಹಾಗೆಯೇ ಆಗಿತ್ತು, ಅವಳು ಚೆನ್ನಾಗಿಯೇ ಬದುಕಿದಳು. "ಖಚಿತವಾದರೆ ತಾನೇ," ಎಂದಿದ್ದಳು ಬೇಬೇ ರಾಜೋ. "ಯಾರು ನೋಡಿದಾರೆ ನನ್ನ ಮಗನ ಹೆಣಾನ? ತಂದು ತೋರಿಸಿ, ನಾನೇ ಚಾದರ ನೇಯಿಸ್ತೀನಿ." ಹಿರಿಯರು ಮಂಚದಿಂದ ಎದ್ದರು. ಒಳಗೆ ನಿಹಾಲೋ, ತಾನು ಉಸಿರು ಬಿಗಿಹಿಡಿದಿದ್ದೆ ಎಂಬುದನ್ನು ಅದು ಹೊರಬಿದ್ದ ಮೇಲೆ ಕಂಡುಕೊಂಡಳು.

ಜನ ಅವಳನ್ನು ಪತಿವ್ರತೆ ಎನ್ನುತ್ತಿದ್ದರು. ದಿನಾ ಸಂಜೆ ಅವನಿಗೆಂದು ಒಂದು ರೊಟ್ಟಿ ಬಡಿದು ಬುಟ್ಟಿಯಲ್ಲಿಡುತ್ತಾಳೆ, ಬೆಳಿಗ್ಗೆ ಅದನ್ನು ನಾಯಿಗೆ ಹಾಕುತ್ತಾಳೆ, ಮತ್ತೆ ಸಂಜೆ ಬಡಿಯುತ್ತಾಳೆ ಎಂದು ಬಾವಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. ಆ ರೊಟ್ಟಿ ಅತ್ತೆಯ ಅಪ್ಪಣೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಿಜಕ್ಕೂ ಅವಳಿಗೆ ಅವನ ಮುಖವೇ ಸರಿಯಾಗಿ ನೆನಪಿರಲಿಲ್ಲ. ಪಲ್ಟನ್ನಿನಿಂದ ರಜೆ ಸಿಕ್ಕಾಗ ಬರುತ್ತಿದ್ದ, ಕತ್ತಲಲ್ಲಿ ಹತ್ತಿರವಾಗುತ್ತಿದ್ದ, ಹಗಲು ಗಂಡಸರೊಂದಿಗೆ ಹೊರಗೆ ಕೂತಿರುತ್ತಿದ್ದ. ಬೆಳಕಿನಲ್ಲಿ ಅವನನ್ನು ಕಣ್ಣೆತ್ತಿ ನೋಡಲು ಸಿಗುತ್ತಿದ್ದದ್ದು ಪೇಟ ಸುತ್ತುವ ಮೊದಲು ಮಾತ್ರ. ಪೇಟದ ಬಟ್ಟೆಯನ್ನು ಒಬ್ಬರೇ ಮಡಿಚಲಾಗದು. ಅವನು ಒಂದು ತುದಿ ಹಿಡಿದು ಅಂಗಳದ ಆ ಕೊನೆಯಲ್ಲಿ ನಿಲ್ಲುತ್ತಿದ್ದ, ಅವಳು ಇನ್ನೊಂದು ತುದಿ ಹಿಡಿದು ಈ ಕೊನೆಯಲ್ಲಿ. "ಎಳಿ. ಸಡಿಲ ಬಿಡಬೇಡ." ಅವನು ಅವಳೊಂದಿಗೆ ಆಡಿದ ಮಾತುಗಳಲ್ಲಿ ಅತಿ ಹೆಚ್ಚು ಸಲ ಆಡಿದ್ದು ಅದೇ ಇರಬೇಕು. ಆಗಲೂ ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಇಬ್ಬರ ನಡುವೆ ಗಾಳಿಗೆ ನಡುಗುವ ಆ ಉದ್ದನೆಯ ಬಟ್ಟೆಯನ್ನು. ಅವನು ಬಾರದೇ ಹೋದ ಈ ದಿನಗಳಲ್ಲಿ ಮಂಚದ ಮೇಲೆ ಒಬ್ಬಳೇ ಕೈಕಾಲು ಚಾಚಿ ಮಲಗಿದಾಗ, ತನ್ನ ಮೈ ತನ್ನದೇ ಎನ್ನುವ ಹೊಸ ಸಂಗತಿ ಅವಳಿಗೆ ಮೆಲ್ಲಗೆ ತಿಳಿಯುತ್ತ ಬಂದಿತ್ತು. ಅವನು ಬಂದರೆ ಇದು ಹೋಗುತ್ತದೆ. ಅವನು ಸತ್ತರೆ ಚಾದರ ಬರುತ್ತದೆ, ಆಗಲೂ ಹೋಗುತ್ತದೆ. ಅವನು ಹೀಗೆಯೇ, ಬರದೆಯೂ ಸಾಯದೆಯೂ, ಎಲ್ಲೋ ಇದ್ದುಬಿಡಲಿ ಎಂದು ಒಂದು ಬೆಳಗಿನ ಜಾವ ಅವಳು ಅಂದುಕೊಂಡಿದ್ದಳು. ಎದ್ದು ತಣ್ಣೀರಲ್ಲಿ ಸ್ನಾನ ಮಾಡಿ ಪ್ರಾರ್ಥನೆಗೆ ಕೂತರೂ ಆ ಯೋಚನೆ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಿತ್ತು.

"ಭಾಗ್‌ಭರಿ ಬಂದಿದಾಳೆ!" ಎಂದು ಬೀದಿಯಲ್ಲಿ ಯಾರೋ ಕೂಗಿದರು. ನಿಹಾಲೋ ಕೈಯ ಸಗಣಿಯನ್ನು ಅರ್ಧಂಬರ್ಧ ತೊಳೆದುಕೊಂಡಳು.

ಭಾಗ್‌ಭರಿ ಕೆಳಗಿನ ಕಡವಿನ ಅಂಬಿಗನ ಹೆಂಡತಿ. ಸೊಬ್ರಾಂವ್‌ನಲ್ಲಿ ಯುದ್ಧ ನಡೆದು ದೋಣಿಗಳ ಸೇತುವೆ ಮುರಿದ ದಿನದಿಂದ ಹೊಳೆಯಲ್ಲಿ ತೇಲಿ ಬಂದ ಪೇಟಗಳನ್ನು ಅವಳ ಗಂಡ ಗಳುವಿನಿಂದ ಎಳೆದುಕೊಂಡು ಹಾಕುತ್ತಿದ್ದ, ಇವಳು ಒಗೆದು ಒಣಗಿಸಿ ಊರೂರಿಗೆ ತರುತ್ತಿದ್ದಳು. ಹೆಣಕ್ಕೆ ಮುಖ ಉಳಿದಿರಲಿಲ್ಲ, ಆದರೆ ಬಟ್ಟೆಗೆ ಬಣ್ಣ ಉಳಿದಿರುತ್ತಿತ್ತು. ಮನೆಯ ನೀಲಿಯನ್ನು ಮನೆಯ ಹೆಂಗಸು ಗುರುತು ಹಿಡಿಯುತ್ತಿದ್ದಳು. ಒಂದು ಚೀತ್ಕಾರ ಏಳುತ್ತಿತ್ತು, ಆ ಮನೆಯಲ್ಲಿ ಗ್ರಂಥಪಾಠ ಕೂರುತ್ತಿತ್ತು. ಈ ಊರಿನಿಂದ ಹೋಗಿ ಮರಳದವರ ಪೇಟಗಳೆಲ್ಲ ಹಾಗೆ ಒಂದೊಂದಾಗಿ ಮನೆ ಸೇರಿದ್ದವು, ಎರಡನ್ನು ಬಿಟ್ಟು. ಒಂದು ಝಂಡಾ ಸಿಂಗನದು. ಇನ್ನೊಂದು ಪಕ್ಕದ ಮನೆಯ ಮಾಯಿ ಆಸೋಳ ಒಬ್ಬನೇ ಮಗ ಮಘ್ಘರ್ ಸಿಂಗನದು. ಮಾಯಿ ಆಸೋ ಕಾಯುವುದನ್ನು ಬಿಟ್ಟಿದ್ದಳು. "ನನ್ನ ಹೊಟ್ಟೆಗೆ ಗೊತ್ತಾಗಿದೆ," ಎಂದು ಧರಮಸಾಲೆಯಲ್ಲಿ, ಗುರುಗ್ರಂಥದ ಮುಂದೆ, ಪಾಠ ಕೂರಿಸಿದ್ದಳು. ಇವತ್ತು ಸಾಯಂಕಾಲ ಅದರ ಭೋಗ್, ಮುಕ್ತಾಯ. ಆ ಹೊತ್ತಿಗೆ ಸತ್ತವನ ಪೇಟವನ್ನು ಗ್ರಂಥದ ಮುಂದಿಟ್ಟು ಮನೆಯ ವಾರಸುದಾರನ ತಲೆಗೆ ಸುತ್ತಬೇಕು. ಅವಳಿಗೆ ವಾರಸುದಾರನೂ ಇರಲಿಲ್ಲ, ಪೇಟವೂ ಇರಲಿಲ್ಲ.

ಮಾಯಿ ಆಸೋಳ ಜಗಲಿಯ ಸುತ್ತ ಹೆಂಗಸರು ನೆರೆದಿದ್ದರು. ಭಾಗ್‌ಭರಿ ಗಂಟು ಬಿಚ್ಚುತ್ತ ಗೊಣಗುತ್ತಿದ್ದಳು. "ನಾನು ಬೀದಿಗೆ ಕಾಲಿಟ್ಟರೆ ಬಾಗಿಲು ಹಾಕ್ಕೋತಾರೆ. ಆಮೇಲೆ ಸಂದಿಯಿಂದ ಇಣುಕ್ತಾರೆ. ಯಮನ ಅಗಸಗಿತ್ತಿ ಅಂತಾರಂತೆ ನನ್ನನ್ನ. ಹೌದಮ್ಮ, ನಾನೇ. ಒಗೆದೂ ಒಗೆದೂ ಕೈ ನೋಡಿ ಹೇಗಾಗಿದೆ. ತಗೊಳ್ಳಿ, ಇದೇ ಕೊನೇದು. ಇನ್ನು ಹೊಳೇಲಿ ಬರೀ ಮೀನು." ಅವಳು ಬಿಡಿಸಿ ಹಾಸಿದ ಬಟ್ಟೆಯನ್ನು ನೋಡಿ ಹೆಂಗಸರು ನಿರಾಸೆಯಿಂದ ಒಂದು ಶಬ್ದ ಮಾಡಿದರು. ಅದಕ್ಕೆ ಬಣ್ಣವೇ ಇರಲಿಲ್ಲ. ಒಣಗಿದ ಜೊಂಡಿನಂಥ ಬಿಳುಪು.

"ಇದರಲ್ಲಿ ಏನು ಗುರುತು ಹಿಡೀಲಿ?" ಎಂದಳು ಒಬ್ಬಳು.

"ಬೇರಿಗೆ ಸಿಕ್ಕಿ ಇಷ್ಟು ದಿನ ನೆನೆದಿದೆ. ಯಾವ ಬಣ್ಣ ನಿಲ್ಲುತ್ತೆ?" ಎಂದಳು ಭಾಗ್‌ಭರಿ.

ನೀಲಿ ನಿಲ್ಲುತ್ತದೆ ಎಂದು ನಿಹಾಲೋಗೆ ಗೊತ್ತಿತ್ತು. ನಿಲ್ಲದೇ ಹೋಗುವುದು ಕುಸುಬೆಯ ಕೆಂಪು. ಲೋಹಡಿ ಹಬ್ಬದ ಹೊತ್ತಿಗೆ ವಸಾವಾ ಯುದ್ಧದ ಮೋರ್ಚೆಯಿಂದ ಬೆಲ್ಲ, ಹುರಿಗಡಲೆ ಒಯ್ಯಲು ಬಂದಿದ್ದ. ಮುದ್ಕಿ, ಫೇರೂಶಹರ್‌ಗಳಲ್ಲಿ ಕಾದಾಡಿ ಎಲ್ಲರ ಬಟ್ಟೆಯೂ ಚಿಂದಿಯಾಗಿದೆ, ಅಣ್ಣನಿಗೆ ಒಂದು ಪೇಟ ಬೇಕಂತೆ ಎಂದ. ನೀಲಿ ಹಾಕುವ ಬಣ್ಣಗಾರನ ಹತ್ತಿರ ಹೋಗಲು ಹೊತ್ತಿರಲಿಲ್ಲ. ಎರಡು ಪಟ್ಟಿ ಖಾದಿಯನ್ನು ಉದ್ದಕ್ಕೆ ಜೋಡಿಸಿ, ಬೆಂಕಿಯ ಬೆಳಕಲ್ಲಿ ಕೂತು ಅವಸರದಲ್ಲಿ ಹೊಲಿದು, ಮನೆಯಲ್ಲಿದ್ದ ಕುಸುಬೆ ಹೂವಿನಲ್ಲೇ ಅದ್ದಿದ್ದಳು. "ಹುಳಿ ಸಾಲದು ಕಣೇ ಎಡಚಿ, ನೀರು ಸೋಕಿದರೆ ಹರಿದು ಹೋಗುತ್ತೆ," ಎಂದಿದ್ದಳು ಅತ್ತೆ. ಸೋಕಲಿ ಬಿಡಿ, ಯುದ್ಧಕ್ಕೆ ತಾನೇ ಹೋಗೋದು, ಮಳೆಗಾಲಕ್ಕಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಬೆಳಿಗ್ಗೆ ಒಣಗಿದ ಪೇಟವನ್ನು ಮಡಿಚುವಾಗ ಹೊಲಿಗೆಯ ಎಳೆಗಳೆಲ್ಲ ಊರಿನವರ ಹೊಲಿಗೆಗೆ ತಿರುಗುಮುರುಗಾಗಿ, ಎದುರು ಗಾಳಿಗೆ ಸಿಕ್ಕ ಪೈರಿನಂತೆ ಆ ಕಡೆಗೆ ವಾಲಿದ್ದು ಕಂಡಿತ್ತು. ಎಡಗೈಯವಳ ಹೊಲಿಗೆ ಹಾಗೆಯೇ ಬರುವುದು.

ಈಗ ಅವಳು ಬಗ್ಗಿ ಬಟ್ಟೆಯ ನಡುವಿನ ಜೋಡಿಕೆಯ ಮೇಲೆ ಬೆರಳಿಟ್ಟಳು. ಬಹುಪಾಲು ಬಿಚ್ಚಿಹೋಗಿತ್ತು, ಒಂದು ಮೊಳದಷ್ಟು ಉಳಿದಿತ್ತು. ನೋಡಬೇಕಾಗಿಯೇ ಇರಲಿಲ್ಲ. ಬೆರಳು ತನ್ನದೇ ಬೆರಳನ್ನು ಮುಟ್ಟಿದಂತಾಯಿತು.

"ನಿಹಾಲೋ," ಎಂದು ಅತ್ತೆಯ ದನಿ. ಬೇಬೇ ರಾಜೋ ತಮ್ಮ ಬಾಗಿಲಲ್ಲೇ, ಚೌಕಟ್ಟು ಹಿಡಿದು, ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದಳು. ಒಂದು ಪೇಟವನ್ನೂ ಅವಳು ಈವರೆಗೆ ಹತ್ತಿರ ಹೋಗಿ ನೋಡಿರಲಿಲ್ಲ, ಮುಟ್ಟಿರಲಿಲ್ಲ. "ನಾನು ನೋಡಲ್ಲ. ನೀನೇ ನೋಡಿ ಹೇಳು. ನಮ್ಮದಾ?"

ಹೌದು ಎಂಬ ಮಾತು ಬಾಯಲ್ಲೇ ಇತ್ತು. ಅದನ್ನು ಬಿಟ್ಟರೆ ಅತ್ತೆ ಆ ಚೌಕಟ್ಟಿನಿಂದ ಜಾರಿ ಕೂರುತ್ತಾಳೆ, ಹೆಂಗಸರು ತನ್ನ ಬಳೆಗೆ ಕೈ ಹಾಕುತ್ತಾರೆ, ಅವನಿಗೆ ಪಾಠ ಕೂರುತ್ತದೆ, ಮತ್ತೆ ಗೋಧಿ ಕೊಯ್ಲಿನೊಳಗೆ ಒಂದು ಚಾದರದ ಅಂಚು. ಇವೆಲ್ಲ ಅವಳಿಗೆ ಒಂದರ ಹಿಂದೊಂದಾಗಿ ಅಲ್ಲ, ಒಟ್ಟಿಗೇ, ಒಂದು ಮುಚ್ಚಿದ ಕೋಣೆಯಂತೆ ಕಂಡವು. ಇಷ್ಟರಲ್ಲಿ ಮಾಯಿ ಆಸೋ ಮಂಡಿಯೂರಿ ಕೂತು ಬಟ್ಟೆಯನ್ನು ಎಳೆದುಕೊಂಡಳು. ಒಣಗಿದ ಕೈಯಿಂದ ಅದನ್ನು ಸವರಿದಳು, ಮೂಸಿದಳು. ಅಳಲಿಲ್ಲ. "ನನ್ನದೇ," ಎಂದಳು. "ನನ್ನ ಮಘ್ಘರನದು." ಹೇಳಿ ತಲೆಯೆತ್ತಿ ನಿಹಾಲೋಳನ್ನು ನೋಡಿದಳು. ಆ ನೋಟದಲ್ಲಿ ಪ್ರಶ್ನೆಯೂ ಇತ್ತು, ಬೇಡಿಕೆಯೂ ಇತ್ತು.

"ನಮ್ಮದಲ್ಲ ಬೇಬೇ," ಎಂದಳು ನಿಹಾಲೋ. ದನಿ ಎಷ್ಟು ಸಹಜವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಮಧ್ಯಾಹ್ನ ಮಾಯಿ ಆಸೋ ಅದೇ ಬಟ್ಟೆಯನ್ನು ಮಡಿಚಿ ಎದೆಗವಚಿಕೊಂಡು ಅಂಗಳಕ್ಕೆ ಬಂದಳು. ಬೇಬೇ ರಾಜೋ ಹೊಲದ ಕಡೆ ಹೋಗಿದ್ದಳು. "ಇಷ್ಟು ಹೊಲಿದು ಕೊಡು ಮಗಳೇ. ನನಗೆ ಸೂಜಿ ಕಣ್ಣು ಕಾಣಲ್ಲ. ನಡುವೆ ಬಾಯಿ ಬಿಟ್ಟಿರೋ ಪೇಟಾನ ಗುರುವಿನ ಮುಂದೆ ಹೇಗಿಡಲಿ?" ನಿಹಾಲೋ ತೆಗೆದುಕೊಂಡಳು. ಹೊರಟ ಮಾಯಿ ಬಾಗಿಲಲ್ಲಿ ನಿಂತು ತಿರುಗಿದಳು. "ನಿಮ್ಮ ವಸಾವಾನ ತಲೆಗೆ ಸುತ್ತಿಸ್ತೀನಿ ಅಂತ ಹೇಳಿದೀನಿ. ನನ್ನ ಮಗನ ಜೊತೆ ಆಡಿ ಬೆಳೆದೋನು. ಬೇರೆ ಯಾರಿದಾರೆ ನನಗೆ?" ಆಮೇಲೆ ಗೋಡೆಯ ಬೆರಣಿಗಳನ್ನು ನೋಡುತ್ತ ಎಂದಳು, "ಯಾರದೋ ಒಬ್ಬ ತಾಯಿಯ ಮಗನದು ತಾನೇ ಅದು. ಅಳೋಕೆ ಏನಾದರೂ ಕೈಯಲ್ಲಿ ಇರಬೇಕು ಕಣೇ. ಬರೀ ಕೈಲಿ ಅತ್ತೂ ಅತ್ತೂ ಸಾಕಾಗಿತ್ತು."

ಅವಳು ಹೋದ ಮೇಲೆ ನಿಹಾಲೋ ಎಷ್ಟೋ ಹೊತ್ತು ಬಟ್ಟೆಯನ್ನು ಬಿಡಿಸಲೇ ಇಲ್ಲ. ವಸಾವಾನ ತಲೆಯ ಮೇಲೆ. ಹಾಗಾದರೆ ಇದು ಈ ಮನೆಗೇ ಬರುತ್ತದೆ, ಬೇಬೇಯ ಕಣ್ಣೆದುರು ದಿನಾ ಓಡಾಡುತ್ತದೆ. ಈ ಎಡಗೈಯ ಗುರುತನ್ನು ಬೀದಿಗೆಲ್ಲ ತೋರಿಸಿ ನಕ್ಕವಳು ಬೇಬೇ. ಈ ಹೊಲಿಗೆಯನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಸಾಕು. ಅವಳು ಬಟ್ಟೆಯನ್ನು ತೊಡೆಯ ಮೇಲೆ ಹರವಿ, ಉಳಿದಿದ್ದ ಆ ಒಂದು ಮೊಳ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎಬ್ಬಿಸಿ ಕಿತ್ತಳು. ಹೊಳೆ ಬಿಚ್ಚಲಾರದೆ ಬಿಟ್ಟದ್ದನ್ನು ತಾನು ಬಿಚ್ಚುತ್ತಿದ್ದೇನೆ ಎನ್ನಿಸಿತು. ದಾರದ ತುಣುಕುಗಳ ಒಳಮೈಯಲ್ಲಿ, ನೀರು ತಲುಪದ ಕಡೆ, ಕುಸುಬೆಯ ಕೆಂಪು ಇನ್ನೂ ಇತ್ತು. ಅವನ್ನು ಒಲೆಯ ಬೂದಿಯಲ್ಲಿ ಹೂತಳು. ಆಮೇಲೆ ಸೂಜಿಯನ್ನು ಬಲಗೈಗೆ ತೆಗೆದುಕೊಂಡಳು.

ಬಲಗೈ ಮಾತು ಕೇಳಲಿಲ್ಲ. ಸೂಜಿ ಎಲ್ಲೋ ಹೊಕ್ಕು ಎಲ್ಲೋ ಬರುತ್ತಿತ್ತು, ಎಡಗೈಯ ಬೆರಳಿಗೆ ಚುಚ್ಚುತ್ತಿತ್ತು. ಎಡಗೈ ಬಟ್ಟೆಯನ್ನು ಹಿಡಿದುಕೊಂಡು, ತನ್ನ ಕೆಲಸವನ್ನು ಬೇರೊಬ್ಬರು ಕೆಡಿಸುವುದನ್ನು ನೋಡುತ್ತ ಕೂತಂತಿತ್ತು. ಹೊಲಿಗೆ ಸೊಟ್ಟಗಿದ್ದರೂ ಈ ಕಡೆಗೆ, ಎಲ್ಲರ ಕಡೆಗೆ ವಾಲುತ್ತಿತ್ತು. ಹೀಗೇ ಅವನು ಯಾರೋ ಆಗುತ್ತಾನೆ, ಮಘ್ಘರ್ ಸಿಂಗನಾಗುತ್ತಾನೆ. ಇವತ್ತು ಮುಗಿಯುವ ಪಾಠ ಈ ಪೇಟ ಕಟ್ಟಿದವನಿಗೆ ಸೇರುತ್ತದೋ, ಯಾರ ಹೆಸರಿನಲ್ಲಿ ಓದಿದರೋ ಅವನಿಗೆ ಸೇರುತ್ತದೋ? ಗುರುವಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡಳು. ಗೊತ್ತಿರುತ್ತದೆ ಎಂಬುದಕ್ಕೇ ಭಯವಾಯಿತು.

"ಭಾಬೀ, ಆಗಲಿಲ್ವಾ? ಮಾಯಿ ಅವಸರ ಮಾಡ್ತಿದಾಳೆ."

ವಸಾವಾ ಸಿಂಗ್ ಯಾವಾಗ ಬಂದು ಕಂಬಕ್ಕೆ ಒರಗಿ ನಿಂತನೋ. ಯುದ್ಧದಿಂದ ಬಂದ ಮೇಲೆ ಅವನು ಹಾಗೆಯೇ ನಿಲ್ಲುತ್ತಿದ್ದ, ಮೈ ನೆಟ್ಟಗೆ, ಕಣ್ಣು ನೆಲದಲ್ಲಿ. ಪಲ್ಟನ್ನಿನ ಕವಾಯತಿನ ನಡಿಗೆ ಅವನ ಕಾಲಿನಿಂದ ಹೋಗಿರಲಿಲ್ಲ. ಎಮ್ಮೆ ಮೇಯಿಸಲು ಹೊರಟರೂ ಹೆಜ್ಜೆ ಹಾಕುತ್ತ ಹೋಗುತ್ತಾನೆಂದು ಊರು ನಗುತ್ತಿತ್ತು. ನಿಹಾಲೋ ಸೂಜಿಯನ್ನು ಎಡಗೈಗೆ ಬದಲಿಸಲು ಹೋಗಿ ತಡೆದಳು. ಅವನು ನೋಡಿದ.

"ನೀವು ಆ ಕೈಲಲ್ವಾ ಹೊಲಿಯೋದು?"

"ಎಡಗೈಗೆ ಸೂಜಿ ಚುಚ್ಚಿದೆ." ಬೆರಳಿನ ರಕ್ತ ತೋರಿಸಿದಳು. ಅದು ಸುಳ್ಳೂ ಆಗಿರಲಿಲ್ಲ.

ಅವನು ಹೊಸ್ತಿಲ ಮೇಲೆ ಕೂತ, ಅವಳಿಗೆ ಬೆನ್ನು ಹಾಕಿ. ಅಂಗಳದ ಹಿಪ್ಪುನೇರಳೆ ಮರಕ್ಕೆ ಹೇಳುವವನಂತೆ ಮಾತಾಡಿದ. "ಅವತ್ತು ಮೇವು ತರೋ ಸರದಿ ನನ್ನದು. ಮಂಜಿನಲ್ಲೇ ಸೇತುವೆ ದಾಟಿ ಈ ದಡಕ್ಕೆ ಬಂದಿದ್ದೆ. ಹೊಳೆ ರಾತ್ರೀನೇ ಏರಿತ್ತು. ಮಂಜು ಎದ್ದಾಗ ನೋಡಿದರೆ ಆಚೆ ದಡದ ಮೋರ್ಚೆ ಪೂರ್ತಿ ಹೊಗೆ. ನಮ್ಮ ತೋಪುಗಳು ಮಾತಾಡ್ತಾನೇ ಇದ್ವು ಭಾಬೀ, ಪರಂಗಿಗಳು ಎರಡು ಸಲ ಹಿಂದೆ ಸರಿದ್ರು. ಆಮೇಲೆ ಎಲ್ಲಿಂದಲೋ ಒಳಗೆ ಬಂದ್ರು. ಎಲ್ಲರೂ ಸೇತುವೆಗೆ ಓಡಿದ್ರು. ನಡುವಿನ ದೋಣಿಗಳು ಇರಲೇ ಇಲ್ಲ. ಮೊದಲು ದಾಟಿದ ಸರದಾರರೇ ಕಡಿಸಿದ್ರು ಅಂತಾರೆ, ಭಾರಕ್ಕೆ ಮುರೀತು ಅಂತಾರೆ. ನನಗೆ ಗೊತ್ತಿಲ್ಲ. ನಾನು ಈ ದಡದಲ್ಲಿ ಹುಲ್ಲಿನ ಹೊರೆ ಹೊತ್ಕೊಂಡು ನಿಂತಿದ್ದೆ." ಅವನು ಹೆಗಲನ್ನು ಉಜ್ಜಿಕೊಂಡ. "ಹೊರೆ ಇಳಿಸಬೇಕು ಅಂತಾನೂ ಹೊಳೀಲಿಲ್ಲ. ನೀರಿನ ಮೇಲೆ ಬರೀ ಕೂದಲು. ಪೇಟ ಬಿಚ್ಚಿ, ಜಡೆ ಬಿಚ್ಚಿ. ಯಾರು ಅಣ್ಣ, ಯಾರು ಮಘ್ಘರ, ಒಂದೂ ಗೊತ್ತಾಗಲಿಲ್ಲ. ಆಚೆ ದಡದಿಂದ ಪರಂಗಿಗಳು ಅದಕ್ಕೇ ಗುಂಡು ಹೊಡೀತಿದ್ರು."

ನಿಹಾಲೋ ಸೂಜಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ತಿರುಗಿ ನೋಡುತ್ತಾನೆ.

"ಬೆಳಿಗ್ಗೆ ನೀವು ನಮ್ಮದಲ್ಲ ಅಂದ್ರಲ್ಲ, ಆಗ ಹಿತ್ತಲಲ್ಲಿದ್ದೆ. ಕೂತು ಅತ್ತುಬಿಟ್ಟೆ. ಅಣ್ಣ ಆ ಕೂದಲಿನ ನಡುವೆ ಇರಲಿಲ್ಲ ಅನ್ಸಿತು. ಇನ್ನೆಲ್ಲಾದರೂ ದಡ ಹತ್ತಿರಬಹುದು. ಸೆರೆ ಸಿಕ್ಕಿರಬಹುದು. ಕೊಯ್ಲು ಮುಗಿದ ಮೇಲೆ ಹೊಳೆಯಾಚೆ ಫಿರೋಜ್‌ಪುರದ ಕಡೆ ಹೋಗಿ ಹುಡುಕ್ತೀನಿ. ಚಾದರದ ಮಾತು ಆಡಬೇಡಿ ಅಂತ ಹಿರಿಯರಿಗೂ ಹೇಳಿದೆ." ಅವನು ತಿರುಗಿದ. ಅವನ ಮುಖದಲ್ಲಿ, ಯುದ್ಧದ ನಂತರ ಮೊದಲ ಸಲ, ಎಳೆತನದಂಥದು ಏನೋ ಇತ್ತು. "ನೀವೂ ಅದನ್ನೇ ಬಯಸೋದು ಅಂತ ಗೊತ್ತು ಭಾಬೀ."

"ಹೂಂ," ಎಂದಳು. ಆಗ ಹೇಳಬಹುದಿತ್ತು. ಹುಡುಕಬೇಡ, ಇಲ್ಲೇ ನನ್ನ ತೊಡೆಯ ಮೇಲಿದ್ದಾನೆ ಎನ್ನಬಹುದಿತ್ತು. ಅವಳು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ನಾಲಿಗೆಗೆ ಹೊಳೆಯ ಮಣ್ಣಿನ ರುಚಿ ತಾಗಿತು.

ಭೋಗ್‌ಗೆ ಊರೆಲ್ಲ ಬಂದಿತ್ತು. ನಿಹಾಲೋ ಹೆಂಗಸರ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಳು. ಹೊರಗೆ ಗಂಡಸರು ದನಿ ತಗ್ಗಿಸಿಕೊಂಡು ಅದೇ ಯುದ್ಧವನ್ನು ಮತ್ತೆ ಕಾದುತ್ತಿದ್ದರು. ಫೇರೂಶಹರ್‌ನಲ್ಲಿ ಪರಂಗಿ ಲಾಟ್ ಸಾಹೇಬರು ರಾತ್ರಿಯೆಲ್ಲ ನೀರಿಲ್ಲದೆ ಬಿದ್ದಿದ್ದರಂತೆ, ಬೆಳಿಗ್ಗೆ ನಮ್ಮ ಎರಡನೇ ಫೌಜು ಬಂದು ಒಂದು ಏಟು ಕೊಟ್ಟಿದ್ದರೆ ಮುಗಿಯುತ್ತಿತ್ತು, ಬಂದದ್ದು ಹಾಗೇ ವಾಪಸು ಹೋಯಿತು. "ಹೋಗಲಿಲ್ಲ ಕಣಯ್ಯಾ, ಸರದಾರರೇ ಒಯ್ದರು," ಎಂದ ಒಬ್ಬ ಮುದಿ ಸವಾರ. "ಮದ್ದಿನ ಪೀಪಾಯಿ ತೆಗೆದರೆ ಸಾಸಿವೆ ಇತ್ತಂತಲ್ಲ." "ನೀನು ನೋಡಿದೆಯಾ?" "ನೋಡಿದವರು ಹೇಳಿದ್ರು." "ನೋಡಿದವರೆಲ್ಲ ಹೊಳೇಲಿದಾರೆ, ಹೇಳಿದವರು ಮಾತ್ರ ಊರಲ್ಲಿದಾರೆ," ಎಂದು ಇನ್ನೊಬ್ಬ ಮೂದಲಿಸಿದ. ಒಳಗೆ ಗ್ರಂಥ ಓದುವ ಗ್ರಂಥಿ ಅರದಾಸಿನ ಪ್ರಾರ್ಥನೆ ಶುರು ಮಾಡಿದ. ಎಲ್ಲರೂ ಎದ್ದರು. ಹುತಾತ್ಮನಾದ ಮಘ್ಘರ್ ಸಿಂಗನ ಆತ್ಮಕ್ಕೆ ಗುರುಚರಣದಲ್ಲಿ ನೆಲೆ ಸಿಗಲಿ ಎಂದಾಗ ನಿಹಾಲೋ ತುಟಿಯೊಳಗೆ ಇನ್ನೊಂದು ಹೆಸರನ್ನು ಹೇಳಿದಳು. ಮದುವೆಯಾದ ಮೇಲೆ ಅವಳು ಆ ಹೆಸರನ್ನು ಉಚ್ಚರಿಸಿದ್ದು ಅದೇ ಮೊದಲು. ಗಂಡನ ಹೆಸರನ್ನು ಹೆಂಡತಿ ಹೇಳುವಂತಿರಲಿಲ್ಲ. ಹೇಳಿದ ಮೇಲೆ ಅಳು ಬಂತು. ತಡೆಯಲು ನೋಡಿದಳು. ಅದು ಕೆಮ್ಮಿನಂತೆ, ವಾಂತಿಯಂತೆ, ಅವಳನ್ನು ಕೇಳದೆ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು. "ಪಾಪ, ನೆರೆಮನೆ ಮಗನಿಗೆ ಹೇಗೆ ಅಳ್ತಾಳೆ ನೋಡು," "ತನ್ನವನ ಸುದ್ದಿ ಇಲ್ಲವಲ್ಲ, ಅದಕ್ಕೆ," ಎಂದು ಪಿಸುಗುಟ್ಟಿದರು. ಗ್ರಂಥದ ಮುಂದೆ ಹಿರಿಯರು ವಸಾವಾನ ತಲೆಗೆ ಆ ಬಿಳಿಯ ಬಟ್ಟೆಯನ್ನು ಸುತ್ತುತ್ತಿದ್ದರು. ಮಾಯಿ ಆಸೋ ಎದ್ದು ಬಂದು ಎಲ್ಲರೆದುರು ನಿಹಾಲೋಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅವಳ ಬಟ್ಟೆಗೆ ತುಪ್ಪದ, ಹಳೆಯ ಹತ್ತಿಯ ವಾಸನೆ. ನಿಹಾಲೋಳ ಕೈಯಲ್ಲಿದ್ದ ಪ್ರಸಾದ ತಣ್ಣಗಾಗಿ ಗಟ್ಟಿಯಾಯಿತು. ಅದನ್ನು ನುಂಗಲೂ ಆಗಲಿಲ್ಲ, ಎಸೆಯುವಂತೆಯೂ ಇರಲಿಲ್ಲ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬೇಬೇ ರಾಜೋ ಮೊದಲೇ ಬಂದು ಹಿಟ್ಟು ಕಲಸಿಟ್ಟಿದ್ದಳು. ಇಷ್ಟು ದಿನ ಅವಳು ಹಿಟ್ಟು ಮುಟ್ಟಿರಲಿಲ್ಲ. ಮುಖ ತೊಳೆದಿದ್ದಳು, ತಲೆ ಬಾಚಿದ್ದಳು. "ಇವತ್ತು ಅವನಿಗೆ ಎರಡು ಹಾಕು," ಎಂದಳು, ತುಪ್ಪದ ಕುಡಿಕೆಯನ್ನು ಒಲೆಯ ಹತ್ತಿರ ಸರಿಸುತ್ತ. "ಒಂದಕ್ಕೆ ತುಪ್ಪ ಸವರು. ಆಸೋಗೆ ಅವಳ ಮಗ ಸಿಕ್ಕಿದ. ನನ್ನ ಮಗ ಸಿಗಲಿಲ್ಲ, ಅಂದರೆ ಇದಾನೆ. ಹೌದೋ ಅಲ್ಲವೋ?" ನಿಹಾಲೋ ತಲೆಯಾಡಿಸಿದಳು. ಅತ್ತೆ ಅವಳ ಗದ್ದ ಹಿಡಿದು ಎತ್ತಿ, "ಅತ್ತೂ ಅತ್ತೂ ಕಣ್ಣು ಏನಾಗಿದೆ ನೋಡು, ಹುಚ್ಚಿ," ಎಂದಳು. ಆ ಕೈ ಹಿಂದೆಂದೂ ಅವಳನ್ನು ಹಾಗೆ ಮುಟ್ಟಿರಲಿಲ್ಲ. ಅದೇ ಕೈ ನಾಳೆಯೂ ಹೀಗೇ ಮುಟ್ಟುತ್ತದೆ, ನಾಡಿದ್ದೂ. ಪ್ರತಿ ಸಲವೂ ತಾನು ಗದ್ದ ಎತ್ತಬೇಕು.

ವಸಾವಾ ಬಾಗಿಲಲ್ಲಿ ನಿಂತ. ಅತ್ತೆ ದೀಪ ಎತ್ತಿಕೊಂಡು ಹೋಗಿ ಅವನ ತಲೆಯನ್ನೇ ನೋಡಿದಳು. ದೀಪವನ್ನು ಇನ್ನೂ ಹತ್ತಿರ ತಂದಳು. ಒಲೆಯ ಮುಂದೆ ನಿಹಾಲೋಳ ಕೈ ನಿಂತಿತು. "ಈ ಹೊಲಿಗೆ ನೋಡು, ಹುಳ ಹರಿದ ಹಾಗಿದೆ!" ಎಂದು ಅತ್ತೆ ನಕ್ಕಳು. "ಆಸೋಗೆ ಹರೆಯದಲ್ಲೂ ಸೂಜಿ ಹಿಡಿಯೋಕೆ ಬರ್ತಿರಲಿಲ್ಲ. ನಮ್ಮ ಎಡಚಿ ವಾಸಿ." ನಗು ನಿಲ್ಲಿಸಿ, "ಆದರೂ ಸತ್ತವನ ಬಟ್ಟೆ. ಒಲೆ ಹತ್ತಿರ ಬೇಡ ಮಗಾ. ಅಂಗಳದಲ್ಲೇ ಬಿಚ್ಚಿಟ್ಟು ಬಾ," ಎಂದು ಒಳಗೆ ಹೋದಳು.

ವಸಾವಾ ಹಿಪ್ಪುನೇರಳೆ ಮರದ ಕೆಳಗೆ ನಿಂತು ಪೇಟ ಬಿಚ್ಚತೊಡಗಿದ. ಒಂದೊಂದೇ ಸುತ್ತು ಇಳಿದು ನೆಲಕ್ಕೆ ತಾಗಿತು. "ಭಾಬೀ," ಎಂದು ಸಂಕೋಚದಿಂದ ಕರೆದ. "ಸ್ವಲ್ಪ ಆ ತುದಿ ಹಿಡೀತೀರಾ? ಒಬ್ಬನೇ ಮಡಿಚೋಕೆ ಬರಲ್ಲ."

ಅವಳು ಎದ್ದು ಹೋದಳು. ತುದಿಯನ್ನು ಎಡಗೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದು ಅಂಗಳದ ಈ ಕೊನೆಯಲ್ಲಿ, ಬೆರಣಿ ಗೋಡೆಗೆ ಬೆನ್ನು ತಾಗುವಲ್ಲಿ ನಿಂತಳು. ಅವನು ಆ ಕೊನೆಯಲ್ಲಿ, ಮಬ್ಬಿನಲ್ಲಿ ಮುಖ ಕಾಣದ ಒಂದು ಆಕಾರ. ನಡುವೆ ಆ ಉದ್ದನೆಯ ಬಿಳುಪು, ಅದರ ಮಧ್ಯೆ ಅವಳ ಬಲಗೈ ಹಾಕಿದ ಸೊಟ್ಟ ದಾರಿ. ಹೊಳೆಯ ಕಡೆಯಿಂದ ಗಾಳಿ ಬಂದು ಬಟ್ಟೆ ನಡುಗಿತು.

"ಎಳೀರಿ ಭಾಬೀ. ಸಡಿಲ ಬಿಡಬೇಡಿ," ಎಂದ ಅವನು.

ಅವಳು ಎಳೆದಳು.

"ಅವನ ರೊಟ್ಟಿ ಹಾಕಿದೆಯೇನೇ?" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

"ಹಾಕ್ತೀನಿ ಬೇಬೇ," ಎಂದು ನಿಹಾಲೋ ಅಲ್ಲಿಂದಲೇ ಕೂಗಿದಳು, ತುದಿ ಬಿಡದೆ.